ಬೇಡ ಅನ್ನುವವರು ಬೇಕಾಗಿದ್ದಾರೆ

ಅಭಯನಿಗೆ ಯಾರೂ ಕಷ್ಟ ಕೊಡದೇ ಇದ್ದದ್ದೇ ಅವನ ಕಷ್ಟಕ್ಕೆ ಕಾರಣವಾಯಿತು.

ವಿಶ್ವವಿದ್ಯಾಲಯದ ಜೀವನೀತಿ ಮತ್ತು ತತ್ತ್ವಶಾಸ್ತ್ರ ಸಂಶೋಧನಾ ಕೇಂದ್ರ ಶ್ರೀರಂಗಪಟ್ಟಣದ ಒಂದು ಹಳೇ ಹೆಂಚಿನ ಮನೆಯಲ್ಲಿತ್ತು. ಅಭಯ್ ಅಲ್ಲಿ ಸಂಶೋಧನಾ ಸಹಾಯಕ. ಕಾಯಿಲೆ ಬಿದ್ದವನ ಚಿಕಿತ್ಸೆಯನ್ನು ತೀರ್ಮಾನಿಸಬೇಕಾದವರು ಯಾರು, ಅವನೋ ಅವನ ನೆಂಟರೋ ಎಂಬುದು ಆ ವರ್ಷದ ಸಂಶೋಧನೆ. ಅದಕ್ಕಾಗಿ ಅವನು ತೊಣ್ಣೂರಿನಾಚೆಯ ಒಂದು ಹಳ್ಳಿಯಲ್ಲಿ ಮನೆಮನೆ ಸುತ್ತಿದ್ದ. ಪ್ರಶ್ನೆ ಕೇಳುವ ಮುಂಚೆ ಪ್ರತಿ ಜಗಲಿಯ ಮೇಲೂ ಪಂಚಾಂಗ ಓದುವ ದನಿಯಲ್ಲಿ ಒಂದು ಮಾತು ಓದಿದ್ದ: "ಇದರಲ್ಲಿ ಸೇರುವುದು ಬಿಡುವುದು ನಿಮ್ಮ ಇಷ್ಟ. ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು."

ಊರಿಗೆ ಊರೇ ಒಪ್ಪಿತು.

"ಒಬ್ಬರೂ ಬೇಡ ಅನ್ನಲಿಲ್ವಾ?" ಎಂದು ಕೇಂದ್ರದ ನಿರ್ದೇಶಕಿ ವನಮಾಲಾ ಮೇಡಂ ಬೆಳಿಗ್ಗೆ ಕೇಳಿದರು.

"ಒಬ್ಬರೂ ಇಲ್ಲ ಮೇಡಂ," ಎಂದ ಅಭಯ್, ಹೆಮ್ಮೆಯಿಂದ.

"ಹಾಗಾದ್ರೆ ನೀವು ಅವರನ್ನ ಹೆದರಿಸಿದೀರ. ಇಲ್ಲಾ ಮರುಳು ಮಾಡಿದೀರ." ಮೇಡಂ ಅವನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. "ಮರುಳು ಮಾಡೋ ಥರ ಏನೂ ಕಾಣಿಸ್ತಿಲ್ಲ. ಬೇಡ ಅನ್ನೋಕೆ ಬಾರದವರು ಹೂಂ ಅಂದ್ರೆ ಅದಕ್ಕೇನು ಬೆಲೆ ಅಭಯ್? ನಾಳೆ ನೀತಿ ಸಮಿತಿ ಸೇರುತ್ತೆ. ಸಂಜೆಯೊಳಗೆ ಬೇಡ ಅಂದ ಒಬ್ಬರನ್ನಾದರೂ ಹುಡುಕಿ. ಇಲ್ದಿದ್ರೆ ಸಂಶೋಧನೆ ನಿಲ್ಲಿಸ್ತಾರೆ. ಅದು ನಿಂತ್ರೆ ನಿಮ್ಮ ಕೆಲಸಾನೂ ಅಲ್ಲಿಗೇ ಮುಗೀತು."

ಕೆಲಸ ಹೋದರೆ ಏನು ಕಾದಿದೆ ಎಂಬುದು ಅಭಯನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಶ್ರೀಕಂಠಯ್ಯ ದೇವಸ್ಥಾನದಲ್ಲಿ ಅವನಿಗೊಂದು ಜಾಗ ಕಾದಿರಿಸಿದ್ದರು. ಅದು ಬೆಳಗಿನ ಜಾವ ಹೊಳೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಶುರುವಾಗುವ ಕೆಲಸ. ಅಭಯ್ ತತ್ತ್ವಶಾಸ್ತ್ರ ಓದಿದ್ದೇ ಆ ತಣ್ಣೀರಿನಿಂದ ತಪ್ಪಿಸಿಕೊಳ್ಳಲು.

ಹಳ್ಳಿಯಲ್ಲಿ ಬಸ್ಸಿಳಿಯುತ್ತಲೇ ಹಾಲಿನ ಡೇರಿಯ ಸೆಕ್ರೆಟರಿ ಚಿಕ್ಕಸ್ವಾಮಿ ಎದುರಾದ. ಊರಿನ ಯಾರ ಮನೆಯ ಸಮಸ್ಯೆಯಾದರೂ ಮೊದಲು ತನ್ನದು ಎಂದು ತಿಳಿದಿದ್ದ ಮನುಷ್ಯ.

"ಏನ್ ಮೇಷ್ಟ್ರೇ, ತಿರ್ಗಾ ಬಂದ್ಬುಟ್ರಿ?"

ಅಭಯ್ ಸಂಕಟ ಹೇಳಿಕೊಂಡ. ಚಿಕ್ಕಸ್ವಾಮಿ ಹಣೆ ಚಚ್ಚಿಕೊಂಡ.

"ಬಾಗ್ಲಿಗ್ ಬಂದೋರ್ನ ಬ್ಯಾಡ ಅನ್ನಕಾಯ್ತದಾ ಮೇಷ್ಟ್ರೇ? ಅಂಗಂದ್ರೆ ಮನೆಗ್ ಒಳ್ಳೇದಾ? ನಮಗೆ ಒಸೀನೂ ಇಷ್ಟ ಇಲ್ಲ ಅಂದ್ರೆ 'ನೋಡಮ' ಅಂತೀವಿ. ಎಣ್ಣು ಕೇಳಕ್ ಬಂದೋರ್ಗೆ ನೋಡಮ, ವೋಟ್ ಕೇಳೋರ್ಗೆ ನೋಡಮ. ಆಮ್ಯಾಕೆ ಯಾವನೂ ನೋಡಾಕಿಲ್ಲ."

"ನನಗೆ ಯಾರೂ ನೋಡಮ ಅನ್ನಲೇ ಇಲ್ಲವಲ್ಲ?"

"ನಿಮ್ ಮೊಕ ನೋಡಿ ಪಾಪ ಅನ್ನಿಸ್ತು ಕಣ್ರೀ." ಚಿಕ್ಕಸ್ವಾಮಿ ಸ್ವಲ್ಪ ಯೋಚಿಸಿ ಅವನ ರಟ್ಟೆ ಹಿಡಿದ. "ಬನ್ನಿ, ಚೌಡಯ್ಯನ್ ತಾವ ಓಗಮ. ತಮ್ಮನ ಮ್ಯಾಲಿನ್ ಸಿಟ್ಗೆ ಮನೆ ಮಧ್ಯಕ್ಕೇ ಗ್ವಾಡೆ ಎತ್ತಿರೋ ಆಸಾಮಿ. ಅವನ್ ಬಾಯಲ್ಲಿ ಬ್ಯಾಡ ಅನ್ನೋದು ಬುಟ್ರೆ ಬ್ಯಾರೆ ಬರಕಿಲ್ಲ."

ಚೌಡಯ್ಯ ಪೂರ್ತಿ ಕೇಳಿಸಿಕೊಂಡ. ಮೀಸೆ ನಡುಗಿತು. ಅಭಯನ ಎದೆಯಲ್ಲಿ ಆಸೆ ಚಿಗುರಿತು.

"ಏನ್ಲಾ ಚಿಕ್ಕಸ್ವಾಮಿ, ಮರ್ವಾದೆ ಬ್ಯಾಡ್ವೇನ್ಲಾ ನಿಂಗೆ? ನನ್ ತಮ್ಮನ್ಗೆ ಬ್ಯಾಡ ಅಂತೀನಿ. ಊರಿಗ್ ಬಂದ ಉಡುಗನ್ಗೆ ಅಂತೀನಾ? ಕೂತ್ಕಳಪ್ಪ, ಮೊದ್ಲು ಉಣ್ಣು."

ಎಲೆ ಬಿತ್ತು. ಅದರ ಮೇಲೆ ಬಸ್ಸಾರಿನ ಜತೆ, ಆಲಿಕಲ್ಲು ಮಳೆಯಲ್ಲಿ ಬಿದ್ದಿದ್ದರೆ ಹೆಂಚು ಒಡೆಯುವಂಥ ಮುದ್ದೆಯೊಂದು ಕೂತಿತು. ಅಭಯ್ ಅದನ್ನು ಅಗಿಯತೊಡಗಿದ. "ಅಗೀಬಾರ್ದು ಕಣಪ್ಪಾ, ನುಂಗು!" ಎಂದು ಮನೆಮಂದಿಯೆಲ್ಲ ಸುತ್ತ ನಿಂತು ಕೂಗಿದರು. ಅವನು ಕಣ್ಣು ಮುಚ್ಚಿ ನುಂಗಿದ. ಕಣ್ಣು ಬಿಟ್ಟರೆ ಎಲೆಯ ಮೇಲೆ ಎರಡನೆಯದು ಕೂತಿತ್ತು. ಬಾಯಿ ತೆರೆದ. "ಬೇಡ" ಎನ್ನುವ ಮಾತು ಮೊದಲ ಮುದ್ದೆಯ ಕೆಳಗೆ ಎಲ್ಲೋ ಸಿಕ್ಕಿಕೊಂಡಿತ್ತು.

ಕೈ ತೊಳೆಯುವಷ್ಟರಲ್ಲಿ ಗೋಡೆಯಾಚೆಯಿಂದ ಚೌಡಯ್ಯನ ತಮ್ಮ ನಿಂಗರಾಜುವಿನ ದನಿ ಕೇಳಿತು. "ಓಹೋ, ಅಣ್ಣನ್ ಮನೇಲ್ ಉಂಡ್ರೆ ಆಗೋಯ್ತಾ? ನಮ್ಮನೇಲಿ ಒಲೆ ಉರಿಯಾಕಿಲ್ವಾ ಮೇಷ್ಟ್ರೇ?"

ಊರಲ್ಲಿ ಒಂದೇ ಒಂದು 'ಬೇಡ' ಹುಡುಕಲು ಬಂದವನು ಗೋಡೆಯಾಚೆಗೂ ಹೋಗಿ ಉಂಡ. ಅಲ್ಲಿಂದ ಹೊರಬಂದಾಗ ಅವನ ನಡಿಗೆ ದಿನ ತುಂಬಿದ ಎಮ್ಮೆಯಂತಿತ್ತು. ಮುಸ್ಸಂಜೆಯ ಹೊತ್ತಾಗಿತ್ತು. ಹೊಳೆಯ ತಣ್ಣೀರು ಆಗಲೇ ಬೆನ್ನಿಗೆ ತಾಗಿದಂತಾಯಿತು.

"ಇನ್ನೇನೂ ದಾರಿಯಿಲ್ಲ ಚಿಕ್ಕಸ್ವಾಮಿ," ಎಂದ, ಅಳುವ ದನಿಯಲ್ಲಿ.

"ದಾರಿ ನಾನ್ ಮಾಡ್ತೀನಿ ಬುಡಿ."

ಡೇರಿಗೆ ಊರೆಲ್ಲ ಹಾಲು ತಂದು ನಿಂತಿದ್ದ ಹೊತ್ತು. ಬೂಸ ಬಂದ ಸುದ್ದಿ ಸಾರುವ ಮೈಕನ್ನು ಚಿಕ್ಕಸ್ವಾಮಿ ಎತ್ತಿಕೊಂಡ.

"ಎಲ್ರೂ ಕೇಳ್ರಪ್ಪೋ! ಪಟ್ಣದಿಂದ ಬಂದು ಎಲ್ರನ್ನೂ ಪ್ರಶ್ನೆ ಕೇಳುದ್ರಲ್ಲ ಮೇಷ್ಟ್ರು, ನಾವು ಬ್ಯಾಡ ಅನ್ನಲಿಲ್ಲ ಅಂತ ಅವರ ಕೆಲ್ಸ ಓಯ್ತಾ ಐತೆ! ಯಾರಾದ್ರೂ ಬ್ಯಾಡ ಅನ್ನಿ, ಪುಣ್ಯ ಕಟ್ಕಳಿ!"

ಊರಿನ ಕರುಳು ಒಮ್ಮೆಗೇ ಚುರ್ ಎಂದಿತು.

"ನಂದ್ ಬ್ಯಾಡ ಅಂತ ಬರ್ಕಳಿ!"

"ಲೇ ಸರ್ಕಳ್ಲಾ, ನಮ್ಮನೇಲ್ ಮೊದ್ಲು ಉಂಡಿದ್ದು. ನಂದೇ ಮೊದಲ್ನೇ ಬ್ಯಾಡ!" ಎಂದು ಚೌಡಯ್ಯ ನುಗ್ಗಿದ.

"ನಮ್ಮನೇಲಿ ಪಾಯ್ಸಾನೂ ಇತ್ತು!" ಎಂದ ನಿಂಗರಾಜು. ಅಣ್ಣತಮ್ಮಂದಿರು ಎಷ್ಟೋ ವರ್ಷಗಳ ಮೇಲೆ ಒಂದೇ ಮಾತು ಆಡುತ್ತಿದ್ದರು.

"ಒಬ್ಬರು ಸಾಕು! ದಯವಿಟ್ಟು ಒಬ್ಬರೇ ಸಾಕು!" ಅಭಯ್ ಕಿರುಚಿದ.

"ಅದೆಂಗೆ ಮೇಷ್ಟ್ರೇ? ಒಬ್ರದ್ ತಕ್ಕಂಡು ಇನ್ನೊಬ್ರದ್ ಬುಟ್ರೆ ನಾವೇನ್ ಪರದೇಸಿಗಳಾ?" ಎಂದಳು ಚಿಕ್ಕಬೋರಮ್ಮ, ಹಾಲಿನ ಕ್ಯಾನಿನಿಂದ ಅವನ ಪಕ್ಕೆಗೆ ತಿವಿದು.

ಹಾಲು ಅಳೆಯುವುದು ಮುಗಿಯುವಷ್ಟರಲ್ಲಿ ಊರಿಗೆ ಊರೇ ಬೇಡ ಅಂದಿತ್ತು. ಒಪ್ಪಿದ ಮೇಲೂ ಹಿಂದೆ ಸರಿಯಬಹುದು ಎಂದು ಓದಿದವನು ಅವನೇ ಅಲ್ಲವೇ? ಸಂಶೋಧನೆಯಲ್ಲಿ ಈಗ ಒಂದು ನರಪಿಳ್ಳೆಯೂ ಉಳಿದಂತೆ ಕಾಣಲಿಲ್ಲ.

ಉಳಿದವಳು ಒಬ್ಬಳೇ. ಡೇರಿಯ ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ ದ್ಯಾವಮ್ಮ.

"ಅಜ್ಜಿ, ನೀನೂ ಬ್ಯಾಡ ಅಂದ್ಬುಡು," ಎಂದ ಚಿಕ್ಕಸ್ವಾಮಿ.

"ನಾನ್ ಅನ್ನಕಿಲ್ಲ."

"ಯಾಕಜ್ಜಿ? ಊರೇ ಅಂದದೆ!"

"ಊರ್ ಅಂದ್ರೆ ನಾನೂ ಅನ್ಬೇಕಾ? ಅವತ್ತು ಒಪ್ಕಂಡೆ, ಇವತ್ತೂ ಒಪ್ಕಂಡಿವ್ನಿ. ನನ್ನಿಷ್ಟ." ಅವಳು ಅಭಯನ ಕಡೆ ತಿರುಗಿದಳು. "ಕಾರಣ ಕೇಳ್ಬ್ಯಾಡ ಕಣ್ ಮಗಾ. ಯೋಳ್ಬೇಕಾಗಿಲ್ಲ ಅಂತ ನೀನೇ ಓದ್ದೆ."

ಅಭಯ್ ಕೇಂದ್ರಕ್ಕೆ ಮರಳಿದಾಗ ವನಮಾಲಾ ಮೇಡಂ ಬಾಗಿಲು ಹಾಕಲು ಎದ್ದಿದ್ದರು. ನಡೆದದ್ದನ್ನೆಲ್ಲ ಹೇಳಿದ. ಮೇಡಂ ನಿಧಾನವಾಗಿ ಮತ್ತೆ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದರು. ಮುಖದ ಮೇಲೆ, ದೇವರು ಪ್ರತ್ಯಕ್ಷವಾದಾಗ ಬರಬಹುದಾದಂಥ ಬೆಳಕು.

"ಬೇಡ ಅಂದವರೆಲ್ಲ ನಿಮ್ಮ ಮಾತಿಗೆ ಕಟ್ಟುಬಿದ್ದು ಅಂದಿದ್ದಾರೆ. ಅಂದ್ರೆ ಅವೆಲ್ಲ ಹೂಂಗಳೇ. ಬೇಡ ಅನ್ನಲ್ಲ ಅಂದ ಆ ಅಜ್ಜಿ ಇದ್ದಾರಲ್ಲ, ಇಡೀ ಊರಲ್ಲಿ ನಿಜವಾಗಿ ನಿರಾಕರಿಸಿದವರು ಅವರೊಬ್ಬರೇ! ಎಂಥಾ ಪ್ರಬಂಧ ಆಗುತ್ತೆ ಗೊತ್ತಾ ಅಭಯ್? ಸಮಿತಿ ಕುಣಿದಾಡುತ್ತೆ. ಇವತ್ತೇ ಬರೆಯೋಕೆ ಕೂರ್ತೀನಿ."

"ಹಾಗಾದ್ರೆ ಸಂಶೋಧನೆ ಉಳೀತಲ್ಲ ಮೇಡಂ!" ಅಭಯನ ಹೊಟ್ಟೆಯೊಳಗಿನ ಮುದ್ದೆಗಳೂ ಹಗುರಾದವು. "ನನ್ನ ಕೆಲಸ?"

ಮೇಡಂ ಕಾಗದದಿಂದ ತಲೆ ಎತ್ತಲಿಲ್ಲ. ಅಕ್ಕರೆಯಿಂದಲೇ ಅಂದರು:

"ನೋಡೋಣ."

ಅಭಯ್ ಬಾಗಿಲ ಹತ್ತಿರ ನಿಂತ. "ಮೇಡಂ, ತಪ್ಪು ತಿಳೀಬೇಡಿ. ನಿಮ್ಮ ತಾಯಿಯ ಕಡೆಯವರು ಯಾವೂರಿನವರು?"

"ಪಾಂಡವಪುರದ ಕಡೆ, ತೊಣ್ಣೂರಿನ ಪಕ್ಕ. ನಾನು ಬೆಳೆದದ್ದೆಲ್ಲ ಅಲ್ಲೇ. ಯಾಕೆ?"

ಅಭಯ್ ಕಾರಣ ಹೇಳಲಿಲ್ಲ. ಮನೆಗೆ ಹೋಗಿ, ಅಪ್ಪನ ಒಣಗಿದ ಪಂಚೆಗಳಲ್ಲಿ ಇದ್ದುದರಲ್ಲಿ ದಪ್ಪನೆಯದು ಯಾವುದು ಎಂದು ಮುಟ್ಟಿ ನೋಡಿದ.