ಯಜಮಾನರ ಬಲಗಾಲು

ಮದುವೆಯಾದ ಹೆಣ್ಣಿಗೆ ಹೊಸ್ತಿಲಲ್ಲಿ ಎಲ್ಲರೂ ಸೇರಿ "ಬಲಗಾಲಿಟ್ಟು ಒಳಗೆ ಬಾಮ್ಮ" ಎನ್ನುತ್ತಾರೆ. ಆ ಬಲಗಾಲು ಮುಂದೊಂದು ದಿನ ಯಾರ ಲೆಕ್ಕಕ್ಕೆ ಜಮೆಯಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಾನು ಧಾರವಾಡದಿಂದ ಬಂದು ಗರುಡಾಚಾರ್‌ಪಾಳ್ಯದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ದೊಡ್ಡನೆಕ್ಕುಂದಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದವಳು. ಕೆಳಗೆ ಮನೆಯ ಮಾಲೀಕರು. ಅವರ ಮಗ ಟ್ಯಾಂಕು ತುಂಬಿತೇ ಎಂದು ನೋಡುವ ನೆಪದಲ್ಲಿ ದಿನಾ ಮಹಡಿ ಹತ್ತಿ, ಕೊನೆಗೆ ನನ್ನನ್ನು ಮದುವೆಯಾಗಿ ಕೆಳಗಿನ ಮನೆಗೆ ಇಳಿಸಿಕೊಂಡರು. ಡೌನ್‌ಲೈನ್ ಎಂಬ ಪದ ನನ್ನ ಕಿವಿಗೆ ಬೀಳುವ ಮೊದಲೇ ನಾನದು ಆಗಿಬಿಟ್ಟಿದ್ದೆ ನೋಡಿ. ಬಲಗಾಲಿಟ್ಟೇ ಬಂದಿದ್ದೆ, ನನ್ನ ಕಡೆಯಿಂದ ಏನೂ ತಪ್ಪಾಗಿರಲಿಲ್ಲ.

ನಮ್ಮ ಯಜಮಾನರು ವೆಂಕಟೇಶ್ ಒಳ್ಳೆಯವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಅವಕ್ಕೆ ಕಳೆ ಕೀಳುವ ಕೆಲಸವೂ ಇಲ್ಲವಾದ್ದರಿಂದ ಇವರಿಗೆ ಪುರುಸೊತ್ತೋ ಪುರುಸೊತ್ತು. ಹಳೆಯ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿ "ಮಗಾ, ಇಂದಿರಾನಗರದಲ್ಲಿ ಒಂದು ಕಾಫಿ ಕುಡಿಯೋಣ ಬಾ" ಎಂದ. ಕಾಫಿಗೆಂದು ಹೋದವರು ಕೋಟು ಹೊಲಿಸಲು ಅಳತೆ ಕೊಟ್ಟು ಬಂದರು. ಅದೊಂದು ಪುಡಿಯ ಕಂಪನಿ. ನೀರಿಗೆ ಕಲಸಿ ಕುಡಿದರೆ ಮಂಡಿನೋವಿನಿಂದ ಹಿಡಿದು ಮನೆಯ ದಾರಿದ್ರ್ಯದವರೆಗೆ ಎಲ್ಲ ಹೋಗುತ್ತದಂತೆ. ಆದರೆ ಅಲ್ಲಿ ಪುಡಿ ಮಾರುವುದಕ್ಕಿಂತ, ಮಾರುವವರನ್ನು ಸೇರಿಸುವುದೇ ಮುಖ್ಯ. ನಿಮ್ಮ ಕೆಳಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು, ಅವರ ಕೆಳಗೆ ಮತ್ತೆ ಇಬ್ಬಿಬ್ಬರು; ಹೀಗೆ ಕೆಳಗೆ ಸೇರಿದವರೆಲ್ಲ ನಿಮ್ಮ ಡೌನ್‌ಲೈನ್. ಈ ಸಾಲುಗಳಿಗೆ ಲೆಫ್ಟ್ ಲೆಗ್, ರೈಟ್ ಲೆಗ್ ಎಂದು ಹೆಸರು. ಎರಡೂ ಕಾಲು ಸಮನಾಗಿ ಬೆಳೆದರೆ ಮಾತ್ರ ಕಮಿಷನ್. ಇವರು ನನ್ನನ್ನು ಒಂದು ಮಾತೂ ಕೇಳದೆ ಬಲಗಾಲಿಗೆ ನನ್ನ ಹೆಸರು ಕೊಟ್ಟಿದ್ದರು. ಎಡಗಾಲು ಬೆನ್ಸನ್ ಟೌನಿನಲ್ಲಿರುವ ನನ್ನ ತಮ್ಮ ಸಂತೋಷ.

ಅಂದಿನಿಂದ ನಮ್ಮ ಮನೆಯಲ್ಲಿ ಮಾತುಕತೆ ನಿಂತು ಪ್ರೆಸೆಂಟೇಷನ್ ಶುರುವಾಯಿತು. ಬೆಳಗ್ಗೆ ಒಗ್ಗರಣೆ ಹಾಕುತ್ತಿದ್ದರೆ ಹಿಂದೆ ಬಂದು ನಿಂತು "ನಿನ್ನ ಕನಸೇನು, ಹೇಳು?" ಎನ್ನುತ್ತಿದ್ದರು. "ಹಾಸಿಗೆ ಮ್ಯಾಲೆ ಹಸಿ ಟಾವೆಲ್ ಒಗೀಬ್ಯಾಡ್ರಿ, ಅದ ನನ್ನ ಕನಸು" ಎಂದರೆ, "ಸಣ್ಣದಾಗಿ ಯೋಚ್ನೆ ಮಾಡ್ಬೇಡ ಕಣೆ" ಎಂದು ಮರುಕಪಡುತ್ತಿದ್ದರು. ಮದುವೆಯ ವಾರ್ಷಿಕೋತ್ಸವಕ್ಕೆ ಹೋಟೆಲಿಗೆ ಹೋಗೋಣ ಎಂದರು. ಇಳಕಲ್ ಸೀರೆ ಉಟ್ಟು ಹೋದರೆ ಹಾಲ್ ತುಂಬ ಕೋಟಿನವರು, ವೇದಿಕೆಯ ಮೇಲೊಬ್ಬ ಮಹಾನುಭಾವ: "ಹೆಂಡ್ತಿ ಬೇಡ ಅಂದ್ರೆ ಅದು ನೆಗೆಟಿವ್ ಎನರ್ಜಿ, ದೂರ ಇಡಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು, ನನ್ನ ಪಕ್ಕದಲ್ಲೇ ಕೂತುಕೊಂಡು!

ಇತ್ತ ತಮ್ಮ ಫೋನ್ ಎತ್ತುವುದನ್ನೇ ಬಿಟ್ಟ. ಮೇಲಿನ ಮನೆಗಳ ಬಾಡಿಗೆದಾರರು ಇವರ ಕಣ್ಣಿಗೆ ಬೀಳಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯತೊಡಗಿದರು. ಒಂದು ದಿನ ಇವರು ಪುಡಿ ಕಂಪನಿಯ ಗುರುವಿನೊಂದಿಗೆ ಫೋನಿನಲ್ಲಿ "ರೈಟ್ ಲೆಗ್ ಹೆಂಗೋ ಇದೆ ಸರ್, ಲೆಫ್ಟ್ ಲೆಗ್ ಪೂರ್ತಿ ಸತ್ತೋಗಿದೆ" ಎನ್ನುವುದನ್ನು ನಮ್ಮ ಅತ್ತೆ ಕೇಳಿಸಿಕೊಂಡರು. ಅಷ್ಟು ಇಂಗ್ಲಿಷು ಅವರಿಗೂ ಬರುತ್ತದೆ. "ಅಯ್ಯೋ ನನ್ ಕಂದಾ, ಕಾಲ್ ಹೋಗೋಗಂಟ ಯಾಕೋ ಸುಮ್ನಿದ್ದೆ?" ಎಂದು ಗೋಳಾಡುತ್ತ ಬಿಸಿ ಹರಳೆಣ್ಣೆ ತಂದು ಮಗನ ಎಡಗಾಲನ್ನು ಹಿಡಿದು ಕೂತರು. ಇವರು ಬಿಡಿಸಿ ಹೇಳಿದಷ್ಟೂ ಅತ್ತೆ ಜೋರಾಗಿ ತಿಕ್ಕಿದರು. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನನ್ನ ಪಾಲಿನ ಪುಡಿನೀರನ್ನು ದಿನಾ ಕರಿಬೇವಿನ ಕುಂಡಕ್ಕೆ ಸುರಿಯುತ್ತಿದ್ದೆ. ಗಿಡ ಮಾತ್ರ ಸೊಂಪಾಗಿ ಬೆಳೆದಿತ್ತು. ಹಾಗೆಂದು ಹೇಳಿದರೆ ಅದನ್ನೂ ಎಡಗಾಲಿಗೆ ಸೇರಿಸಿಯಾರೆಂದು ಸುಮ್ಮನಿದ್ದೆ.

ನಗು ನಿಂತದ್ದು ತಮ್ಮನಿಗೆ ಮಗಳು ಹುಟ್ಟಿ ತೊಟ್ಟಿಲಿಗೆ ಕರೆದಾಗ. ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನುವ ಹಕ್ಕು ನನ್ನದು. ತಮ್ಮ ತಡವರಿಸುತ್ತ, "ಅಕ್ಕಾ, ನೀ ಒಬ್ಬಾಕೆನ ಬಾ. ಭಾವಾರಿಗೆ ಪಾಪ ಮೀಟಿಂಗ್ ಅದೂ ಇದೂ ಇರತಾವ" ಎಂದ. ನನಗೆ ಕಪಾಳಕ್ಕೆ ಹೊಡೆದಂತಾಯಿತು. "ಬಂದ್ರ ಇಬ್ಬರೂ ಬರತೀವಿ. ಇಲ್ಲಂದ್ರ ನಿಮ್ಮ ಮನಿ ಮಾಲಕನ್ನ ಕರದು ಹೆಸರು ಹೇಳಸು" ಎಂದು ಫೋನಿಟ್ಟೆ. ತಿರುಗಿದರೆ ಇವರು ಬಾಗಿಲಲ್ಲಿ ನಿಂತಿದ್ದಾರೆ. "ಸಂತೋಷ ನನ್ನೂ ಕರೆದ್ನಾ?" ಎಂದರು, ಬಹಳ ಮೆಲ್ಲಗೆ. "ಮೊದಲ ನಿಮ್ಮನ್ನ ಕೇಳಿದ" ಎಂದು ಸುಳ್ಳು ಹೇಳಿದೆ. ಆಮೇಲೆ, ಅಲ್ಲಿ ಪುಡಿಯ ಸುದ್ದಿ ತೆಗೆಯುವುದಿಲ್ಲವೆಂದು ಅತ್ತೆಯ ಮೇಲೆ ಆಣೆ ಹಾಕಿಸಿಕೊಂಡೆ.

ಆಣೆಯನ್ನು ಇವರು ಅಚ್ಚುಕಟ್ಟಾಗಿ ನಡೆಸಿಕೊಟ್ಟರು. ಮೂಲೆಯಲ್ಲಿ ಕೂತು ಹೋಳಿಗೆಯನ್ನೇ ನೋಡುತ್ತಿದ್ದರು. ನಾನು ಹೆಸರು ಹೇಳಿ, ಗುದ್ದು ತಿಂದು ಏಳುತ್ತಿದ್ದೆ. ಅಷ್ಟರಲ್ಲಿ ತಮ್ಮನ ಅತ್ತೆ, "ಪಾಪ, ನಿಮ್ಮ ಯಜಮಾನ್ರು ಅದೇನೋ ಪುಡಿ ಮಾರತಾರಂತಲ್ರೀ?" ಎಂದು ಸೆರಗು ಬಾಯಿಗಿಟ್ಟು ನಕ್ಕರು. ಸುತ್ತಲಿನವರೂ ನಕ್ಕರು. ಇವರು ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನನ್ನು ನೋಡಿ ನಗುವ ಹಕ್ಕು ನನ್ನೊಬ್ಬಳದು, ಅದಕ್ಕಾಗಿಯೇ ಕಟ್ಟಿಕೊಂಡಿದ್ದೇನೆ. ಇವರೆಲ್ಲ ಯಾರು? "ಹಗರ ಮಾತಾಡಬ್ಯಾಡ್ರಿ. ನಾ ದಿನಾ ಕುಡೀತೀನಿ. ಇಷ್ಟು ಮೆಟ್ಟಲಾ ಹತ್ತಿ ಬಂದೇನಿ, ಮೊಣಕಾಲು ಕಟ್ ಅಂದಿಲ್ಲ!" ಎಂದುಬಿಟ್ಟೆ. ನಗು ನಿಂತಿತು. ಆಕೆ ನನ್ನ ಮೊಣಕಾಲನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದರು. "ಹೌದೇನವಾ? ನಂಗೂ ಭಾಳ ಬ್ಯಾನಿ. ಹಂಗಾರ ಒಂದು ಡಬ್ಬಿ ನಂಗೂ ತರಸು" ಎಂದರು. ಅವರ ಪಕ್ಕದಾಕೆ "ನಂಗೂ" ಎಂದಳು. ತಮ್ಮ ತಲೆಗೆ ಕೈ ಹೊತ್ತುಕೊಂಡ.

ಮನೆಗೆ ಬರುವಾಗ ಹಲಸೂರಿನ ಸಿಗ್ನಲಿನಲ್ಲಿ ಇವರು ಸ್ಕೂಟರಿನಿಂದ ಹಿಂದಕ್ಕೆ ತಿರುಗಿ, "ನಾನ್ ಒಂದ್ ಮಾತೂ ಆಡ್ಲಿಲ್ಲ ಕಣೆ. ಎಲ್ಲಾ ನೀನೇ! ಬಲಗಾಲು ಅಂದ್ರೆ ಹಿಂಗಿರ್ಬೇಕು" ಎಂದರು. ಟ್ಯಾಂಕು ನೋಡಲು ಬರುತ್ತಿದ್ದ ಕಾಲದಲ್ಲಿ ನೋಡುತ್ತಿದ್ದ ಹಾಗೇ ನೋಡಿದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಈಗ ತಮ್ಮನ ಅತ್ತೆ ನನ್ನ ಕೆಳಗಿದ್ದಾರೆ. ಆಕೆಯ ಕೆಳಗೆ ಇನ್ಯಾರನ್ನು ಸೇರಿಸಬೇಕೆಂದು ನಾನೇ ಆಗಾಗ ಫೋನ್ ಮಾಡಿ ವಿಚಾರಿಸುತ್ತಿರುತ್ತೇನೆ.

ಮೊನ್ನೆ ತಮ್ಮ ಫೋನ್ ಮಾಡಿ, ಮಗಳ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಕರೆದ. ಕೂಸಿನ ಸುದ್ದಿ, ಊರಿನ ಸುದ್ದಿ ಎಲ್ಲ ಮಾತಾಡಿ, ಕೊನೆಗೆ ಸ್ವಲ್ಪ ತಡವರಿಸಿ ಹೇಳಿದ: "ಅಕ್ಕಾ, ಈ ಸಲ ಭಾವಾರನ್ನಷ್ಟ ಕಳಸು."