ಶಂಕಿತನ ಇಂಟರ್ನ್‌ಶಿಪ್

ಇನ್ನೊಬ್ಬರ ದೇಶ ಕಾಯುವುದನ್ನು ಕಲಿಯಲು ಹೊರಟ ಪರದೇಶಿಯ ಬದುಕಿನಲ್ಲಿ ನಗೆಗೆ ಬರವಿಲ್ಲ. ನಗುವವರು ಮಾತ್ರ ಬೇರೆಯವರು. ಡಚ್ಚರ ನಾಡಿನ ದ ಹೇಗ್ ನಗರದಲ್ಲಿ ಆಡಳಿತಶಾಸ್ತ್ರ ಓದುತ್ತಾ, ಮೈನರ್ ವಿಷಯವಾಗಿ ಆಂತರಿಕ ಭದ್ರತೆಯನ್ನು ತೆಗೆದುಕೊಂಡೆ. ಅದಕ್ಕೆ ಇಂಟರ್ನ್‌ಶಿಪ್ ಕಡ್ಡಾಯ. ಅದಾಗದಿದ್ದರೆ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ಇಲ್ಲಿ ನಾನೂ ಇಲ್ಲ.

೧. ವಾಚ್‌ಮನ್

ದಾವಣಗೆರೆಯಿಂದ ಸೋದರಮಾವ ಫೋನ್ ಮಾಡಿದರು.

"ಏನೋ, ಸೆಕ್ಯುರಿಟಿ ಓದ್ತಿದ್ದೀಯಂತೆ?"

"ದೇಶದ ಭದ್ರತೆ, ಮಾವ."

"ಯಾವ ದೇಶದ್ದು?"

"ಇಲ್ಲೀದೇ."

"ಅವ್ರ ಮನೆ ಕಾಯೋದಕ್ಕೆ ನೀನೇ ಫೀಸ್ ಕಟ್ತಿದ್ದೀಯಾ? ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ನಿನಗಿಂತ ಬುದ್ಧಿವಂತ ಕಣೋ."

೨. ದೊಡ್ಡ ಅಪಾಯ

ಈ ದೇಶಕ್ಕಿರುವ ಅತಿ ದೊಡ್ಡ ಅಪಾಯ ಯಾವುದೆಂದು ಪ್ರೊಫೆಸರ್ ಕೇಳಿದರು. ಇಲ್ಲಿ ಕಾಲು ಭಾಗ ನೆಲ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ನಾನು "ಸಮುದ್ರ" ಎಂದೆ.

"ಸಮುದ್ರವನ್ನು ನಾವು ನೋಡಿಕೊಳ್ಳುತ್ತೇವೆ," ಎಂದರು, ಸಾಕಿದ ನಾಯಿಯ ಬಗ್ಗೆ ಹೇಳುವವರಂತೆ.

ಪಕ್ಕದ ಡಚ್ ಹುಡುಗಿ "ಅನಿಯಂತ್ರಿತ ವಲಸೆ" ಎಂದಳು. ಇಡೀ ತರಗತಿ ತಲೆಯಾಡಿಸಿತು. ಆಮೇಲೆ ನನ್ನತ್ತ ನೋಡಿತು.

ಪಾಪ, ಅವಳಿಗೇ ಮುಜುಗರವಾಯಿತು. ಬ್ರೇಕಿನಲ್ಲಿ ಬಂದು ಸಮಾಧಾನ ಹೇಳಿದಳು: "ನಿನ್ನ ಬಗ್ಗೆ ಹೇಳಿದ್ದಲ್ಲ. ನೀನು ನಿಯಂತ್ರಣದಲ್ಲಿದ್ದೀಯ."

೩. ನಿರಪರಾಧಿ

ಅರ್ಜಿ ಹಾಕಿದ ಕಡೆಯೆಲ್ಲ ಇಂಟರ್ನ್‌ಶಿಪ್‌ಗೆ ಹಿನ್ನೆಲೆ ತಪಾಸಣೆ ಬೇಕಿತ್ತು. ಎಲ್ಲರೂ ನನ್ನನ್ನು ಬೇಡವೆಂದರು. ನಮ್ಮ ವಿಭಾಗದ ಸಂಯೋಜಕಿಯನ್ನು ಕಾರಣ ಕೇಳಿದೆ.

"ನೀನು ಭಾರತದಲ್ಲಿ ಕಳೆದ ವರ್ಷಗಳ ಬಗ್ಗೆ ಅವರಿಗೆ ಏನೂ ಸಿಕ್ಕಿಲ್ಲ."

"ಅಲ್ಲಿ ನಾನು ಏನೂ ಮಾಡಿಲ್ಲವಲ್ಲ."

"ಅದೇ ತೊಂದರೆ. ಏನಾದರೂ ಮಾಡಿದ್ದರೆ ದಾಖಲೆ ಇರುತ್ತಿತ್ತು."

೪. ತಪಾಸಣೆ ಬೇಡದ ಕೆಲಸ

ಕೊನೆಗೆ ಸಂಯೋಜಕಿಯೇ ಒಂದು ಜಾಗ ಹುಡುಕಿಕೊಟ್ಟಳು. ಕಾವಲುಗಾರರಿಗೆ ತರಬೇತಿ ಕೊಡುವ ಸಂಸ್ಥೆ. ಅಲ್ಲಿ ನಾನು ಶಂಕಿತ. ಶಂಕಿತನಾಗಲು ಹಿನ್ನೆಲೆ ಬೇಕಿಲ್ಲ, ಮುಖ ಸಾಕು. ಬ್ಯಾಗಿನಲ್ಲಿ ನಕಲಿ ಬಾಂಬ್ ಇಟ್ಟುಕೊಂಡು ಕಟ್ಟಡದೊಳಗೆ ಹೋಗಬೇಕು, ಅವರು ಹಿಡಿಯಬೇಕು, ನನ್ನ ವಿಚಾರಣೆಯ ಬಗ್ಗೆ ನಾನೇ ವರದಿ ಬರೆಯಬೇಕು. ಹಿಡಿಯದಿದ್ದರೆ ವರದಿಯೂ ಇಲ್ಲ, ಅಂಕವೂ ಇಲ್ಲ.

ಬೇಸಿಗೆಯಲ್ಲಿ ದಪ್ಪ ಕೋಟು ತೊಟ್ಟು ಹೋದೆ. ಬಾಗಿಲಿನ ಫೋಟೊ ತೆಗೆದೆ. ಸಾಲದೆಂದು ಕ್ಯಾಮೆರಾಗಳನ್ನು ಬೆರಳು ಮಾಡಿ ಎಣಿಸಿದೆ. ಕಾವಲುಗಾರ ನಕ್ಕು ಬಾಗಿಲು ತೆಗೆದ.

"ನನ್ನ ಬ್ಯಾಗ್ ನೋಡುವುದಿಲ್ಲವೇ?"

"ಬೇಡ ಸರ್. ಕಾಫಿ ಕುಡಿಯುತ್ತೀರಾ?"

"ದಯವಿಟ್ಟು ಒಮ್ಮೆ ನೋಡಿ."

"ಛೆ ಛೆ, ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ."

ಮುಖ ನೋಡಿ ಅನುಮಾನಿಸಬಾರದೆಂದು ಅವರಿಗೆ ಹಿಂದಿನ ದಿನವಷ್ಟೇ ಪಾಠವಾಗಿತ್ತಂತೆ. ಅಂದು ಅವರು ಹಿಡಿದದ್ದು ಒಬ್ಬರನ್ನೇ: ನನಗೆ ಅಂಕ ಕೊಡಬೇಕಾಗಿದ್ದ, ಚಿನ್ನದ ಬಣ್ಣದ ಕೂದಲಿನ ಮೇಲ್ವಿಚಾರಕನನ್ನು. ಅವನು ಸಿಟ್ಟಿನಲ್ಲೇ ಬಂದು, ನಕಲಿ ಬಾಂಬನ್ನು ಕಿತ್ತುಕೊಂಡು, ನನ್ನನ್ನು ಫೇಲ್ ಮಾಡಿದ. ಷರಾ ಹೀಗಿತ್ತು: "ಪಾತ್ರದಲ್ಲಿ ಸಹಜತೆ ಸಾಲದು."

ಖಾಲಿ ಬ್ಯಾಗ್ ಹೊತ್ತು ಟ್ರಾಮ್ ನಿಲ್ದಾಣದವರೆಗೆ ಹೋದ ಮೇಲೆ, ಕಾಫಿ ಕುಡಿಯುವಾಗ ಕಳಚಿಟ್ಟ ಕೋಟು ಅಲ್ಲೇ ಉಳಿದದ್ದು ನೆನಪಾಯಿತು. ವಾಪಸ್ ಬಂದೆ. ಅದೇ ಬಾಗಿಲು, ಅದೇ ಕಾವಲುಗಾರ. ಈ ಬಾರಿ ಕೈ ಅಡ್ಡ ಹಿಡಿದ.

"ನಾನೇ," ಎಂದೆ, "ಬೆಳಿಗ್ಗೆ ಕಾಫಿ ಕೊಟ್ಟಿರಲ್ಲ?"

"ಅದು ತರಬೇತಿ ಸರ್. ಈಗ ಡ್ಯೂಟಿ. ಬ್ಯಾಗ್ ತೆಗೆಯಿರಿ."