ಬಾಕ್ಸಿಗೆ ಕಾಲುಂಟಾ ಟೀಚರ್?

ದುಬೈಯ ಜೆಬೆಲ್ ಅಲಿಯ ಒಂದು ಗೋಡೌನಿನಲ್ಲಿ ಚೀನಾದ ಕೆಲಸಗಾರರಿಗೆ ನಾನು ಸ್ವಲ್ಪ ಕಾಲ ಇಂಗ್ಲಿಷ್ ಕಲಿಸುತ್ತಿದ್ದೆ. ನಗದೆ ಮನೆಗೆ ಬಂದ ದಿನ ಒಂದೂ ನೆನಪಿಲ್ಲ ಮಾರಾಯ್ರೇ! ಆಗಸ್ಟಿನ ಸೆಕೆಯಲ್ಲೂ ಗ್ಲಾಸು ತುಂಬ ಬಿಸಿನೀರು ಕೊಟ್ಟು, ಕುಡಿದು ಮುಗಿಸುವವರೆಗೆ ಪಾಠ ಶುರು ಮಾಡಲು ಬಿಡದ ಜನ ಅವರು.

ಕ್ಲಾಸಿನ ಲೀಡರ್ ನನ್ನ ತಮ್ಮನ ಪ್ರಾಯದವ. ಇಂಗ್ಲಿಷ್ ಇಂಟರ್‌ವ್ಯೂ ಪಾಸಾದರೆ ಅವನು ಶಿಫ್ಟ್ ಇನ್‌ಚಾರ್ಜ್. ಆಗ ಫ್ಯಾಮಿಲಿ ವೀಸಾ ಸಿಗ್ತದೆ, ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು. ಅದಕ್ಕೇ ಪಾಪ, ಊಟದ ಹೊತ್ತಲ್ಲೂ ಬಾಯಿಪಾಠ ಮಾಡುತ್ತಿದ್ದ.

ಉಲ್ಟಾ ಕುರ್ತಾ

ಒಂದು ದಿನ ಗಡಿಬಿಡಿಯಲ್ಲಿ ಕುರ್ತಾ ಉಲ್ಟಾ ಹಾಕಿಕೊಂಡು ಹೋಗಿದ್ದೆ. ಹೊಲಿಗೆಯೆಲ್ಲ ಹೊರಗೆ. ನನಗೆ ಗೊತ್ತಿಲ್ಲ. ಇಡೀ ಕ್ಲಾಸು ತಲೆಯೆತ್ತದೆ ಪುಸ್ತಕವನ್ನೇ ನೋಡುತ್ತಿತ್ತು. ಎಂಥ ಶ್ರದ್ಧೆ ಅಂತ ನಾನು ಉಬ್ಬಿಹೋದೆ.

ಪಾಠ ಮುಗಿದು ಹೊರಟರೆ ಲೀಡರ್ ಒಂದು ದೊಡ್ಡ ರಟ್ಟು ಅಡ್ಡ ಹಿಡಿದುಕೊಂಡು ನನ್ನ ಬೆನ್ನಿಗೆ ಅಂಟಿಕೊಂಡ ಹಾಗೆ ಬಸ್ಸಿನವರೆಗೂ ಬಂದ. ಎಂತ ಅಂತ ಕೇಳಿದರೆ "ಬಿಸಿಲು ಟೀಚರ್" ಅಂದ. ಹತ್ತಿದ ಕೂಡಲೇ ಪಠಾಣ್ ಡ್ರೈವರ್ ಜೋರಾಗಿ ಕೂಗಿದ: "ಮೇಡಂ, ಕುರ್ತಾ ಉಲ್ಟಾ ಹೈ!"

ಮರುದಿನ ಲೀಡರನಿಗೆ ಬೈದೆ. "ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಟೀಚರ್ ಮರ್ಯಾದೆ ಹೋಗ್ತದೆ. ನಮ್ಮಲ್ಲಿ ದೊಡ್ಡವರ ತಪ್ಪನ್ನು ಎದುರಿಗೆ ಹೇಳುವುದಿಲ್ಲ."

"ಈಗ ಹೋಗ್ಲಿಲ್ವಾ?"

"ಹೋಯಿತು. ಆದರೆ ನಾವು ಕಳೆದದ್ದಲ್ಲ, ಡ್ರೈವರ್."

ಕಾಲಿಲ್ಲದ ಬಾಕ್ಸು

ಇಡೀ ಕ್ಲಾಸಿಗೆ ಒಂದೇ ರೋಗ. "ಬಾಕ್ಸ್ ಫೆಲ್" ಅನ್ನುವಲ್ಲಿ "ಬಾಕ್ಸ್ ವಾಸ್ ಫಾಲನ್". "ಆಕ್ಸಿಡೆಂಟ್ ಹ್ಯಾಪನ್ಡ್" ಅನ್ನುವಲ್ಲಿ "ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್". ತಿದ್ದಿ ತಿದ್ದಿ ನನ್ನ ಗಂಟಲು ಕಟ್ಟಿತು. ಇನ್ನೊಂದು ಗ್ಲಾಸು ಬಿಸಿನೀರು ಬಂತು.

ಕಡೆಗೆ ಕೇಳಿಯೇಬಿಟ್ಟೆ, ಈ 'ವಾಸ್' ಎಲ್ಲಿಂದ ಬರ್ತದೆ ಅಂತ. ಲೀಡರ್ ಎದ್ದು ನಿಂತ.

"ಬಾಕ್ಸಿಗೆ ಕಾಲುಂಟಾ ಟೀಚರ್? ತಾನೇ ಹೇಗೆ ಬೀಳ್ತದೆ? ಅದು ಏನೂ ಮಾಡಿಲ್ಲ, ಅದಕ್ಕೇ ಏನೋ ಆಗಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ರೂಪ ಬದಲಿಸುವುದಿಲ್ಲ, ಸಂದರ್ಭ ನೋಡಿ ತಿಳಿದುಕೊಳ್ತೇವೆ. ಇಂಗ್ಲಿಷಿನಲ್ಲಿ ಬದಲಿಸಲೇಬೇಕು ಅಂತ ನೀವೇ ಹೇಳಿದ್ದು. ಪಾಪದ ಬಾಕ್ಸು ಅಂತ ಒಂದು 'ವಾಸ್' ಹಾಕಿದೆವು."

ಛೇ, ಬೈಯಲಿಕ್ಕೆ ಹೋದವಳಿಗೆ ಬಾಕ್ಸಿನ ಮೇಲೆ ಕನಿಕರ ಬಂತು. ಆದರೂ ಬಿಡದೆ ರುಬ್ಬಿದೆ. ಇಂಟರ್‌ವ್ಯೂ ಬರುವಷ್ಟರಲ್ಲಿ ಲೀಡರ್ ನಿದ್ದೆಯಲ್ಲಿ ಕೇಳಿದರೂ ಸರಿ ಹೇಳುತ್ತಿದ್ದ.

ಇಂಟರ್‌ವ್ಯೂ

ಮ್ಯಾನೇಜರ್ ನಮ್ಮ ಬಂಟ್ವಾಳ ಕಡೆಯವರು. ಒಳ್ಳೆ ಜನ, ಆದರೆ ಇಂಗ್ಲಿಷ್ ಮಾತ್ರ ಅವರದ್ದೇ. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗತ್ತಿನಿಂದ ಕೇಳಿದರು: "ಟೆಲ್ ಮಿ, ಲಾಸ್ಟ್ ವೀಕ್ ಆಕ್ಸಿಡೆಂಟ್ ಹೌ ವಾಸ್ ಹ್ಯಾಪನ್ಡ್?"

ಅಯ್ಯೋ ದೇವರೇ!

"ದಿ ಆಕ್ಸಿಡೆಂಟ್..." ಅಂತ ಲೀಡರ್ ಶುರು ಮಾಡಿ ನಿಂತ. ನನ್ನನ್ನು ನೋಡಿದ, ಮ್ಯಾನೇಜರರನ್ನು ನೋಡಿದ. ಆಮೇಲೆ ತಲೆ ಬಗ್ಗಿಸಿ ಹೇಳಿದ: "ಸರ್, ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್ ನಿಯರ್ ಗೇಟ್. ಬಾಕ್ಸ್ ವಾಸ್ ಫಾಲನ್."

ಅವನ ಮಗಳ ವೀಸಾ ಕಣ್ಣೆದುರೇ ಹೋಯಿತು ಅಂದುಕೊಂಡೆ.

ಮ್ಯಾನೇಜರ್ ಮೇಜು ಕುಟ್ಟಿದರು. "ಟೀಚರ್ರೇ, ಎಷ್ಟು ಚೆಂದ ಕಲಿಸಿದ್ದೀರಿ! ಇಷ್ಟು ದಿನ ಇವರ ಇಂಗ್ಲಿಷ್ ನಂಗೆ ಅರ್ಥವೇ ಆಗ್ತಿರಲಿಲ್ಲ. ಇವತ್ತು ಸರಿ ನನ್ನ ಹಾಗೇ ಮಾತಾಡಿದ. ಪಾಸ್. ಖಲಾಸ್!"

ಹೊರಗೆ ಬಂದು ಅವನ ಕಿವಿ ಹಿಂಡುವುದೊಂದು ಬಾಕಿ. "ಗೊತ್ತಿದ್ದೂ ತಪ್ಪು ಹೇಳಿದೆಯಲ್ಲ ಮಾರಾಯ!"

"ನಾನು ಸರಿ ಹೇಳಿದರೆ ಸರ್ ಮರ್ಯಾದೆ ಎಲ್ಲಿಗೆ ಹೋಗ್ತದೆ ಟೀಚರ್?"

"ಹಾಗಾದರೆ ಅವರಿಗೆ ಹೇಳುವವರು ಯಾರು?"

ಅವನು ಮುಖ ತುಂಬ ನಕ್ಕ. "ಮಗಳು ಬಂದಿಳಿಯಲಿ ಟೀಚರ್. ಆಮೇಲೆ ಬಸ್ ಡ್ರೈವರ್ ಹತ್ತಿರ ಹೇಳಿಸುವ."